ಬರಮಾಡಿಕೊಳ್ಳುವ ಅಧಿಕಾರ



1956ರ ನವೆಂಬರ್ 1ರಂದು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಈ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ನೆರೆಯ ಚಂದಗಡ ತಾಲೂಕು ಮಾತ್ರ ಅತ್ತ, ಮುಂಬಯಿ ರಾಜ್ಯದಲ್ಲೇ ಉಳಿಯಿತು. ಆ ದಿನಗಳ ಸಂಭ್ರಮವನ್ನೂ ಸಿಟ್ಟನ್ನೂ ಕಂಡ ಹಿರಿಯರು ನಿಪ್ಪಾಣಿಯ ಈ ಸಭೆಯಲ್ಲೇ ಇರಬಹುದು. ಅದಾಗಿ ನಾಲ್ಕು ದಿನಕ್ಕೆ, ನವೆಂಬರ್ 5ರ ಸೋಮವಾರ ಸಂಜೆ, ಅಮೆರಿಕದ ಎನ್‌ಬಿಸಿ ಟೆಲಿವಿಷನ್ ಜಾಲದಲ್ಲಿ ಹದಿನೈದು ನಿಮಿಷದ ಹೊಸ ಕಾರ್ಯಕ್ರಮವೊಂದು ಶುರುವಾಯಿತು. ಅದನ್ನು ನಡೆಸಿಕೊಟ್ಟವರು ನ್ಯಾಟ್ ಕಿಂಗ್ ಕೋಲ್ ಎಂಬ ಕಪ್ಪು ಗಾಯಕ. ಹದಿಮೂರು ತಿಂಗಳು ನಡೆದು ಅದು ನಿಂತಿತು. ಏಕೆ ಶುರುವಾಯಿತು, ಏಕೆ ನಿಂತಿತು ಎಂಬುದನ್ನೇ ಈ ದತ್ತಿಯ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ. ಅಷ್ಟು ದೂರದ ಕಥೆ ನಮಗೇಕೆ ಎಂದು ಯಾರಾದರೂ ಕೇಳುವುದು ಸಹಜ. ಅದು ನಮ್ಮ ಓಣಿಯ ಕಥೆಯೂ ಹೌದು ಎಂದು ನಂಬಿರುವುದರಿಂದಲೇ ಮಾತಾಡಲು ಬಂದಿದ್ದೇನೆ.

ಕೋಲ್ ಹುಟ್ಟಿದ್ದು 1919ರಲ್ಲಿ, ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ. ಚಿಕ್ಕಂದಿನಲ್ಲೇ ಕುಟುಂಬ ಶಿಕಾಗೋಗೆ ಗುಳೆ ಹೋಯಿತು. ತಂದೆ ಚರ್ಚಿನ ಉಪದೇಶಕರು. ತಾಯಿ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಮಗನಿಗೆ ಮೊದಲ ಪಾಠ ಹೇಳಿದವರೂ ಅವರೇ. ಕೋಲ್ ಮೊದಲು ಹೆಸರು ಮಾಡಿದ್ದು ಪಿಯಾನೋದಲ್ಲಿ, ದೊಡ್ಡ ಜಾಝ್ ವಾದಕರು ಮೆಚ್ಚಿದ ಕೈ ಅದು. ಹಾಡಲು ತೊಡಗಿದ ಮೇಲೆ ಆ ಮೆದು, ತುಸು ಒರಟು ಅಂಚಿನ ದನಿ ಪಿಯಾನೋವನ್ನೂ ಮರೆಸಿತು. 1950ರ ‘ಮೋನಾ ಲೀಸಾ’ ಹಾಡಿನ ತಟ್ಟೆ ಅಮೆರಿಕದ ಮನೆಮನೆಯನ್ನು ಹೊಕ್ಕಿತು. ಅವರ ತಟ್ಟೆಗಳನ್ನು ಮಾರಿ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿ ಎಷ್ಟು ಬೆಳೆಯಿತೆಂದರೆ, ಹಾಲಿವುಡ್‌ನಲ್ಲಿ ಅದು ಕಟ್ಟಿಸಿದ ದುಂಡನೆಯ ಕಟ್ಟಡವನ್ನು ಜನ ‘ನ್ಯಾಟ್ ಕಟ್ಟಿದ ಮನೆ’ ಎಂದೇ ಕರೆದರು.

ಆದರೆ ನ್ಯಾಟ್ ತಮಗಾಗಿ ಮನೆ ಕೊಂಡಾಗ ಆದದ್ದೇ ಬೇರೆ. 1948ರಲ್ಲಿ ಲಾಸ್ ಏಂಜಲಿಸ್‌ನ ಹ್ಯಾನ್‌ಕಾಕ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಅವರು ಮನೆ ಕೊಂಡರು. ಬೇಡದ ಜನ ನಮ್ಮ ಬಡಾವಣೆಗೆ ಬರುವುದು ನಮಗೆ ಒಪ್ಪಿಗೆಯಿಲ್ಲ ಎಂದು ಅಲ್ಲಿಯ ಆಸ್ತಿವಂತರು ತಿಳಿಸಿದರು. ನನಗೂ ಒಪ್ಪಿಗೆಯಿಲ್ಲ, ಅಂಥವರು ಯಾರಾದರೂ ಕಂಡರೆ ಮೊದಲು ದೂರು ಕೊಡುವವನು ನಾನೇ ಎಂದು ಕೋಲ್ ಉತ್ತರಿಸಿದರು. ಅವರ ಮನೆಯ ಮುಂದಿನ ಹುಲ್ಲಿನಲ್ಲಿ ಜನಾಂಗದ ಬೈಗುಳವನ್ನು ಸುಟ್ಟು ಬರೆದರು, ಸಾಕಿದ ನಾಯಿಗೆ ವಿಷ ಹಾಕಿದರು. ಅವರು ಮನೆ ಬಿಡಲಿಲ್ಲ. ಅದೇ ಬಡಾವಣೆಯ ಮನೆಗಳಲ್ಲಿ ಅವರ ಹಾಡು ನಡೆಯುತ್ತಲೇ ಇತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಹಾಡು ಬೇಕು, ಹಾಡಿದವರು ನೆರೆಯವರಾಗುವುದು ಬೇಡ.

1956ರ ಏಪ್ರಿಲ್‌ನಲ್ಲಿ, ಹುಟ್ಟಿದ ರಾಜ್ಯದಲ್ಲೇ, ಬರ್ಮಿಂಗ್‌ಹ್ಯಾಮ್ ನಗರದ ಸಭಾಂಗಣದಲ್ಲಿ ಬಿಳಿಯ ಪ್ರೇಕ್ಷಕರ ಮುಂದೆ ಹಾಡುತ್ತಿದ್ದಾಗ ಕೆಲವು ಬಿಳಿಯರು ವೇದಿಕೆಗೆ ನುಗ್ಗಿ ಅವರನ್ನು ಕೆಡವಿದರು. ಅಲ್ಲಿ ಬಿಳಿಯರಿಗೆ ಒಂದು ಆಟ, ಕಪ್ಪು ಜನರಿಗೆ ಬೇರೆ ಆಟ ಇರುತ್ತಿತ್ತು. ಈ ಘಟನೆಯ ಮೇಲೆ ಕಪ್ಪು ಜನರ ಪತ್ರಿಕೆಗಳು ಕೋಲ್ ಅವರನ್ನೇ ತರಾಟೆಗೆ ತೆಗೆದುಕೊಂಡವು. ಜನರನ್ನು ಬೇರೆ ಬೇರೆ ಕೂರಿಸುವ ಸಭೆಗೆ ನೀವು ಹೋಗಿದ್ದೇಕೆ ಎಂಬುದು ಅವುಗಳ ಪ್ರಶ್ನೆ. ಆ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಕೋಲ್ ಭಾಷಣ ಮಾಡುವ ಸ್ವಭಾವದವರಲ್ಲ. ಚೆನ್ನಾಗಿ ಹಾಡಿದರೆ, ಸಭ್ಯವಾಗಿ ನಡೆದರೆ, ಬಾಗಿಲು ತಾನಾಗಿ ತೆರೆಯುತ್ತದೆ ಎಂದು ನಂಬಿದ್ದವರು. ಮುಂದೆ ಅವರು ನಾಗರಿಕ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಆಜೀವ ಸದಸ್ಯರಾದರು. ಅವರ ನಂಬಿಕೆಗೆ ದೊಡ್ಡ ಪರೀಕ್ಷೆ ನಡೆದದ್ದು ಮಾತ್ರ ಟೆಲಿವಿಷನ್ನಿನ ಒಳಗೆ.

ಟೆಲಿವಿಷನ್ನಿನಲ್ಲಿ ಕಪ್ಪು ಕಲಾವಿದರು ಆಗಲೂ ಕಾಣಿಸುತ್ತಿದ್ದರು. ಬಿಳಿಯರು ನಡೆಸುವ ಕಾರ್ಯಕ್ರಮಕ್ಕೆ ಅತಿಥಿಗಳಾಗಿ ಬಂದು, ಒಂದೆರಡು ಹಾಡು ಹಾಡಿ, ಕೈಮುಗಿದು ಹೋಗುತ್ತಿದ್ದರು. ಸ್ವಂತ ಕಾರ್ಯಕ್ರಮ ನಡೆಸಿದವರೂ ಇಲ್ಲದಿಲ್ಲ. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಪಿಯಾನೋ ವಾದಕಿ ಹೇಝಲ್ ಸ್ಕಾಟ್ ಅವರಿಗೆ 1950ರಲ್ಲಿ ಡ್ಯೂಮಾಂಟ್ ಜಾಲದಲ್ಲಿ ಒಂದು ಕಾರ್ಯಕ್ರಮವಿತ್ತು. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ ಮುಂದೆ ಅವರು ತಾವಾಗಿ ಹೋಗಿ ನೇರವಾಗಿ ಮಾತಾಡಿದರು. ಕೆಲವೇ ದಿನಗಳಲ್ಲಿ ಆ ಕಾರ್ಯಕ್ರಮ ರದ್ದಾಯಿತು. ಕೋಲ್ ಅವರದು ಬೇರೆ ಬಗೆ. ಅವರ ಮೇಲೆ ಅಂಥ ಆಪಾದನೆ ಇರಲಿಲ್ಲ, ಹೆಸರು ದೇಶಕ್ಕೆಲ್ಲ ಗೊತ್ತು, ದನಿಯನ್ನು ಬೇಡವೆಂದವರಿಲ್ಲ. ಅವರನ್ನು ನಿರಾಕರಿಸಲು ಚರ್ಮದ ಬಣ್ಣದ ಹೊರತು ಬೇರೆ ಕಾರಣ ಸಿಗುತ್ತಿರಲಿಲ್ಲ.

ಆ ಕಾಲದ ಟೆಲಿವಿಷನ್ ಹೇಗೆ ನಡೆಯುತ್ತಿತ್ತು ಎಂದು ತಿಳಿದರೆ ಮುಂದಿನದು ಅರ್ಥವಾಗುತ್ತದೆ. ನಮ್ಮ ಭಾಗದಲ್ಲಿ ತಮಾಶಾ ಮೇಳಕ್ಕೆ ಸುಪಾರಿ ಕೊಟ್ಟು ಆಟ ಆಡಿಸುವ ಯಜಮಾನರಿರುತ್ತಾರಲ್ಲ, ಅಲ್ಲಿ ಆ ಸ್ಥಾನ ಜಾಹೀರಾತುದಾರರದು. ಒಂದೊಂದು ಕಾರ್ಯಕ್ರಮವನ್ನು ಒಂದೊಂದು ಕಂಪನಿ ಇಡಿಯಾಗಿ ಕೊಳ್ಳುತ್ತಿತ್ತು, ಎಷ್ಟೋ ಸಲ ಕಾರ್ಯಕ್ರಮಕ್ಕೆ ತನ್ನ ಹೆಸರನ್ನೇ ಇಡುತ್ತಿತ್ತು. ನಡೆಸಿಕೊಡುವವರು ಆ ಕಂಪನಿಯ ಮುಖವಾಗುತ್ತಿದ್ದರು. ಗಾಯಕಿ ಡೈನಾ ಶೋರ್ ಷೆವರ್ಲೆ ಕಾರಿನ ಹಾಡನ್ನು ತಾವೇ ಹಾಡುತ್ತಿದ್ದರು, ನೋಡುವವರ ಮನಸ್ಸಿನಲ್ಲಿ ಕಾರು, ಹಾಡು, ಶೋರ್ ಮೂರೂ ಒಂದಾಗುತ್ತಿದ್ದವು. ಹಾಗಾಗಿ ಕಾರ್ಯಕ್ರಮ ನಡೆಸಿಕೊಡುವುದೆಂದರೆ ಹಾಡುವುದಷ್ಟೇ ಅಲ್ಲ. ಊಟದ ಹೊತ್ತಿಗೆ ಲಕ್ಷಾಂತರ ಮನೆಗಳ ಪಡಸಾಲೆಗೆ ಬಂದು, ಬರ್ರಿ, ಕೂಡ್ರಿ ಎಂದು ಅಧಿಕಾರದಿಂದ ಹೇಳಿ, ಇದನ್ನು ಕೊಳ್ಳಿ ಎಂದು ನೆಚ್ಚಿನ ಹಿರಿಯರಂತೆ ಸಲಹೆ ಕೊಡುವುದು. ಆ ಜಾಗದಲ್ಲಿ ಒಬ್ಬ ಕಪ್ಪು ಮನುಷ್ಯ ನಿಂತರೆ ದಕ್ಷಿಣದ ರಾಜ್ಯಗಳಲ್ಲಿ ತಮ್ಮ ಸಾಮಾನಿಗೆ ಬಹಿಷ್ಕಾರ ಬೀಳಬಹುದೆಂದು ಕಂಪನಿಗಳು ಹೆದರಿದವು. ಬಹಿಷ್ಕಾರ ಬಿದ್ದ ಮೇಲೆ ಹುಟ್ಟಿದ ಹೆದರಿಕೆಯಲ್ಲ, ಬೀಳಬಹುದೆಂದು ಮೊದಲೇ ಊಹಿಸಿಕೊಂಡದ್ದು. ದಕ್ಷಿಣದ ಕೆಲವು ಕೇಂದ್ರಗಳು ಕಾರ್ಯಕ್ರಮವನ್ನು ತೋರಿಸಲೇ ಇಲ್ಲ.

ದೇಶಕ್ಕೆಲ್ಲ ಜಾಹೀರಾತು ಕೊಡುವ ಒಂದೇ ಒಂದು ಕಂಪನಿಯೂ ಮುಂದೆ ಬರಲಿಲ್ಲ. ನ್ಯೂಯಾರ್ಕ್ ಕಡೆಯ ಒಂದು ಬಿಯರ್ ಕಂಪನಿಯಂಥ ಪ್ರಾದೇಶಿಕ ಆಸರೆ ಅಷ್ಟಿಷ್ಟು ಸಿಕ್ಕಿತು. ಎನ್‌ಬಿಸಿ ನಷ್ಟ ಸಹಿಸಿಕೊಂಡೇ ನಡೆಸಿತು. 1957ರ ಜುಲೈನಲ್ಲಿ ಅರ್ಧ ಗಂಟೆಗೆ ವಿಸ್ತರಿಸಿತು ಕೂಡ. ಆಗ ಕೋಲ್ ಅವರ ಗೆಳೆಯರು ಮಾಡಿದ್ದನ್ನು ನೆನೆದರೆ ನನಗೆ ಇಂದಿಗೂ ಎದೆ ತುಂಬಿ ಬರುತ್ತದೆ. ಎಲ್ಲಾ ಫಿಟ್ಝ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆ, ಪೆಗ್ಗಿ ಲೀ, ಮೆಲ್ ಟೋರ್ಮೆ ಅಂಥವರು, ಕಪ್ಪು ಬಿಳುಪೆನ್ನದೆ, ಬೇರೆಡೆ ಸಾವಿರಾರು ಡಾಲರ್ ಪಡೆಯುವವರು, ಸಂಘ ಗೊತ್ತುಮಾಡಿದ ಕನಿಷ್ಠ ಸಂಭಾವನೆಗೆ ಬಂದು ಹಾಡಿಹೋದರು. ಕೋಲ್ ಮನೆಯೊಡೆಯರಂತೆ ನಿಂತು ಒಬ್ಬೊಬ್ಬರನ್ನೂ ಬರಮಾಡಿಕೊಂಡರು.

ಹೊರಗೆ ದೇಶ ಹೊತ್ತಿ ಉರಿಯುತ್ತಿತ್ತು. ಕಾರ್ಯಕ್ರಮ ಶುರುವಾದಾಗ ಅವರು ಹುಟ್ಟಿದ ಮಾಂಟ್‌ಗೊಮರಿಯಲ್ಲಿ ಬಸ್ ಬಹಿಷ್ಕಾರ ಇನ್ನೂ ನಡೆದಿತ್ತು. ಬಸ್ಸಿನಲ್ಲಿ ಬೇರೆ ಕೂರಿಸುವುದು ಸಲ್ಲದೆಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ಮರುವಾರ. 1957ರ ಸೆಪ್ಟೆಂಬರ್‌ನಲ್ಲಿ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳನ್ನು ಮುಟ್ಟಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಅದೇ ದಿನಗಳಲ್ಲಿ, ಒಳ್ಳೆಯ ಸೂಟು ತೊಟ್ಟ ಕೋಲ್ ವಾರಕ್ಕೊಮ್ಮೆ ತೆರೆಯ ಮೇಲೆ ಬಂದು, ಜನಾಂಗದ ಮಾತೆತ್ತದೆ, ಪ್ರೀತಿಯ ಹಾಡು ಹಾಡಿ ನಗುತ್ತಿದ್ದರು. ಇದು ಅಂಜುಬುರುಕುತನವೆಂದು ಹೇಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಥ ವರ್ಷದಲ್ಲಿ ಅಷ್ಟು ನಿರುಮ್ಮಳವಾಗಿ ಎದುರಿಗೆ ಬಂದು ನಿಲ್ಲುವುದೇ ಒಂದು ಪಟ್ಟು.

ಕೊನೆಗೆ ಎನ್‌ಬಿಸಿ ಕಾರ್ಯಕ್ರಮವನ್ನು ಬೇರೆ ದಿನಕ್ಕೆ, ಕಡಿಮೆ ಜನ ನೋಡುವ ಹೊತ್ತಿಗೆ ಸರಿಸಲು ಹೊರಟಿತು. ಕೋಲ್ ಬೇಡವೆಂದರು. 1957ರ ಡಿಸೆಂಬರ್ 17ರಂದು ಕೊನೆಯ ಪ್ರಸಾರ. 1958ರ ಫೆಬ್ರವರಿಯ ‘ಎಬೊನಿ’ ಪತ್ರಿಕೆಯಲ್ಲಿ ಅವರು ಕಾರಣಗಳನ್ನು ಬಿಚ್ಚಿ ಬರೆದರು. ಎನ್‌ಬಿಸಿಯನ್ನು ದೂರಲಿಲ್ಲ, ತಪ್ಪನ್ನು ಹೊರಿಸಿದ್ದು ಜಾಹೀರಾತು ಏಜೆನ್ಸಿಗಳ ಮೇಲೆ. ಆ ಏಜೆನ್ಸಿಗಳ ಬೀದಿಯಾದ ಮ್ಯಾಡಿಸನ್ ಅವೆನ್ಯೂಗೆ ಕತ್ತಲೆಯೆಂದರೆ ಭಯ ಎಂದು ಅವರು ಹೇಳಿದ ಮಾತನ್ನು ಅಮೆರಿಕ ಇಂದಿಗೂ ನೆನೆಯುತ್ತದೆ. ಮೆದು ಮಾತಿನ ಮನುಷ್ಯ ಒಮ್ಮೆ ಬಾಯಿ ಬಿಟ್ಟಾಗ ಆಡಿದ ಮಾತು ಅದು.

ಇನ್ನು ನಮ್ಮ ಕಡೆ ಬರುತ್ತೇನೆ. ಇಲ್ಲಿಂದ ಕೊಲ್ಹಾಪುರ ಎಷ್ಟು ಹತ್ತಿರವೆಂದು ನಿಪ್ಪಾಣಿಯವರಿಗೆ ಹೇಳಬೇಕಾಗಿಲ್ಲ. ರಾಯಬಾಗವಂತೂ ಹಿಂದೆ ಕೊಲ್ಹಾಪುರ ಸಂಸ್ಥಾನದ್ದೇ. ಆ ಸಂಸ್ಥಾನದ ಶಾಹೂ ಮಹಾರಾಜರ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ಸೇವಕರಿದ್ದರು. ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದರೆಂದು ಜೊತೆಯ ನೌಕರರು ಅವರನ್ನು ಹೊಡೆದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಬೇರೆ ಯಾವ ದೊರೆಯಾದರೂ ಅಷ್ಟಕ್ಕೆ ನಿಲ್ಲಿಸುತ್ತಿದ್ದ. ಶಾಹೂ ನಿಲ್ಲಿಸಲಿಲ್ಲ. ಕಾಂಬಳೆಯವರು ಕೊಲ್ಹಾಪುರ ಪೇಟೆಯಲ್ಲಿ ಸ್ವಂತ ಚಹಾ ಅಂಗಡಿ ತೆರೆಯಲು ನೆರವಾದರು. ಅಂಗಡಿ ತೆರೆಯಿತು, ಚಹಾ ಕುಡಿಯಲು ಮೇಲ್ಜಾತಿಯವರು ಯಾರೂ ಬರಲಿಲ್ಲ. ಆಗ ಮಹಾರಾಜರು ತಮ್ಮ ಸಾರೋಟನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ ಅಲ್ಲಿಯ ಚಹಾ ತರಿಸಿ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಸಹಿ ಬೇಕೆಂದು ಬಂದ ದೊಡ್ಡ ದೊಡ್ಡವರೂ ಆ ಚಹಾ ಕುಡಿಯಬೇಕಾಯಿತು.

ಶಾಹೂ ಮಹಾರಾಜರು ಎಲ್ಲರಿಗಿಂತ ಮೊದಲೇ ಕಂಡದ್ದು ಯಾವುದು ಎಂದು ನಾನು ಬಹಳ ಯೋಚಿಸಿದ್ದೇನೆ. ದಲಿತರನ್ನು ಅರಮನೆಗೆ ಕರೆದು ಊಟ ಹಾಕುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡಿದ್ದರೆ ಹಾಕುವ ಕೈ ಮಹಾರಾಜರದೇ, ತಿನ್ನುವ ಕೈ ಕಾಂಬಳೆಯವರದೇ ಆಗಿ ಉಳಿಯುತ್ತಿತ್ತು. ಅಂಗಡಿಯಲ್ಲಿ ಅದು ತಿರುಗಿತು. ಬರಮಾಡಿಕೊಳ್ಳುವವರು ಕಾಂಬಳೆ, ಬಂದವರು ದೊರೆ. ನ್ಯಾಟ್ ಕೋಲ್ ಅವರ ಕಾರ್ಯಕ್ರಮಕ್ಕೆ ಅಮೆರಿಕದಲ್ಲಿ ಸಾರೋಟು ನಿಲ್ಲಿಸಿ ಇಳಿಯುವ ಒಂದು ದೊಡ್ಡ ಕಂಪನಿ ಸಿಗಲಿಲ್ಲ. ಅತಿಥಿಯಾಗಿ ಬಂದ ಕಪ್ಪು ಗಾಯಕರನ್ನು ಸಹಿಸಿದ ಅದೇ ಜನ, ಅವರು ಆತಿಥೇಯರಾದ ಕೂಡಲೇ ಹಿಂಜರಿದರು. ಅತಿಥಿ ಹೊತ್ತಾದ ಮೇಲೆ ಎದ್ದು ಹೋಗುತ್ತಾರೆ. ಆತಿಥೇಯರು ಇರುತ್ತಾರೆ, ಯಾರು ಬರಬೇಕು, ಎಲ್ಲಿ ಕೂರಬೇಕೆಂದು ನಿರ್ಧರಿಸುತ್ತಾರೆ.

ಈ ನಿಪ್ಪಾಣಿಯಲ್ಲೇ 1925ರ ಏಪ್ರಿಲ್‌ನಲ್ಲಿ ಮುಂಬಯಿ ಇಲಾಖೆಯ ಅಸ್ಪೃಶ್ಯರ ಪರಿಷತ್ತು ಡಾ. ಅಂಬೇಡ್ಕರ್ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಕಪ್ಪು ಜನರ ಹಾರ್ಲೆಮ್‌ಗೆ ಹತ್ತಿದಂತೆ ಇರುವ ಜಾಗದಲ್ಲಿ, ಓದಿ ಬಂದವರು ಅವರು. 1946ರಲ್ಲಿ ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಎಷ್ಟೊಂದು ಹೋಲಿಕೆಯಿದೆ ಎಂದು ತಿಳಿಸಿದರು. ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನೂ ಕೇಳಿದರು. ಹಾಗಾಗಿ ಕೋಲ್ ಅವರ ಕಥೆಯನ್ನು ಈ ಊರಿನಲ್ಲಿ ಹೇಳುವುದು ಹೊರಗಿನದನ್ನು ಎಳೆದು ತಂದಂತಲ್ಲ.

ನಮ್ಮ ಕಲೆಗಳನ್ನೂ ಈ ಕಣ್ಣಿನಿಂದ ನೋಡಬೇಕು. ಕುಲಗೋಡ ತಮ್ಮಣ್ಣನವರಿಂದ ಬೆಳೆದು, ಕೌಜಲಗಿ ನಿಂಗಮ್ಮನವರಿಂದ ಊರೂರಿಗೆ ಹೆಸರಾದ ‘ಶ್ರೀಕೃಷ್ಣ ಪಾರಿಜಾತ’ದ ಆಟ ನಮ್ಮ ಸೀಮೆಯದು. ನಮ್ಮ ಇನ್ನೊಂದು ಆಟವಾದ ದೊಡ್ಡಾಟದಲ್ಲಿ ಬಂದ ಪಾತ್ರವನ್ನು ತಡೆದು, ಹೆಸರೇನು, ಊರೇನು ಎಂದು ಕೇಳಿ ಸಭೆಗೆ ಒಪ್ಪಿಸುವವನು ಸಾರಥಿ. ರಾಜನಾದರೂ ಅವನಿಗೆ ಉತ್ತರ ಕೊಟ್ಟೇ ಒಳಗೆ ಬರಬೇಕು. ಇಂಥ ಅಧಿಕಾರದ ಜಾಗವನ್ನು ನಮ್ಮ ಜನ ತಾವೇ ಕಲ್ಪಿಸಿಕೊಂಡಿದ್ದರು. ಆದರೆ ಆಟ ಮುಗಿದು ಬೆಳಗಾದ ಮೇಲೆ, ರಾತ್ರಿಯೆಲ್ಲ ರಾಜನಾಗಿ ರಾಣಿಯಾಗಿ ಮೆರೆದವರಲ್ಲಿ ಎಷ್ಟೋ ಜನ ಊರಿನ ಚಹಾ ಅಂಗಡಿಯಲ್ಲಿ ಬೇರೆ ಕಪ್ಪಿನಲ್ಲೇ ಚಹಾ ಕುಡಿಯಬೇಕಿತ್ತು. ಮೆಚ್ಚಿ ದುಡ್ಡು ಆಯೇರಿ ಮಾಡಿದ ಕೈಯೇ ಆ ಕಪ್ಪನ್ನು ಬೇರೆ ಇಡಿಸುತ್ತಿತ್ತು. 1980ರ ದಶಕದಲ್ಲಿ ಟಿವಿ ನಮ್ಮ ಹಳ್ಳಿಗಳಿಗೆ ಬಂದಾಗ ಊರಿಗೆ ಒಂದೆರಡು ಮನೆಗಳಲ್ಲಿ ಮಾತ್ರ ಇರುತ್ತಿತ್ತು. ‘ರಾಮಾಯಣ’ದ ಹೊತ್ತಿಗೆ ಆ ಮನೆಗಳಲ್ಲಿ ಒಳಗೆ ಕೂತವರು ಯಾರು, ಕಟ್ಟೆಯ ಮೇಲೆ ಕೂತವರು ಯಾರು, ಕಿಟಕಿಯ ಸರಳು ಹಿಡಿದು ಹೊರಗೆ ನಿಂತವರು ಯಾರು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು.

ಅಮೆರಿಕದ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1966ರಲ್ಲಿ ಸ್ಯಾಮಿ ಡೇವಿಸ್ ಜೂನಿಯರ್ ಅವರಿಗೆ ಕಾರ್ಯಕ್ರಮ ಸಿಕ್ಕಿತು, ಕೆಲವೇ ತಿಂಗಳಲ್ಲಿ ಮುಗಿಯಿತು. 1969ರಲ್ಲಿ ಗಾಯಕಿ ಲೆಸ್ಲಿ ಅಗಮ್ಸ್ ಅವರದೂ ಹಾಗೇ ಆಯಿತು. ಬಾಗಿಲು ನಿಜವಾಗಿ ತೆರೆದದ್ದು 1970ರ ಸೆಪ್ಟೆಂಬರ್ 17ರಂದು, ಅದೇ ಎನ್‌ಬಿಸಿಯಲ್ಲಿ, ಫ್ಲಿಪ್ ವಿಲ್ಸನ್ ಎಂಬ ಹಾಸ್ಯಗಾರರಿಗೆ. ಜರ್ಸಿ ಸಿಟಿಯ ಕಡುಬಡತನದಲ್ಲಿ ಹುಟ್ಟಿ, ಪರರ ಮನೆಗಳಲ್ಲಿ ಬೆಳೆದು, ವಯಸ್ಸು ಹೆಚ್ಚು ಹೇಳಿ ಹದಿನಾರಕ್ಕೇ ವಾಯುಸೇನೆ ಸೇರಿದ ಹುಡುಗ ಅವರು. ಅವರ ವೇದಿಕೆ ದುಂಡಗಿತ್ತು, ಸುತ್ತಲೂ ಜನ ಕೂತಿರುತ್ತಿದ್ದರು. ನಮ್ಮ ಬಯಲಾಟ ನೋಡಿ ಬೆಳೆದವರಿಗೆ ಆ ಏರ್ಪಾಡು ಹೊಸತಲ್ಲ. ಮಧ್ಯದಲ್ಲಿ ವಿಲ್ಸನ್, ಹೆಚ್ಚಿನ ಸೆಟ್ಟಿಲ್ಲ, ಸಾಲು ನರ್ತಕಿಯರಿಲ್ಲ, ಮಾತೇ ಬಂಡವಾಳ. ಜೆರಾಲ್ಡಿನ್ ಎಂಬ ಜಗ್ಗದ ಹೆಣ್ಣಿನ ಪಾತ್ರವನ್ನು ತಾವೇ ಸೀರೆ ಉಟ್ಟಷ್ಟು ಸಹಜವಾಗಿ ಮಾಡುತ್ತಿದ್ದರು. ನಮ್ಮ ಏಣಗಿ ಬಾಳಪ್ಪನವರು ಎಳವೆಯಲ್ಲಿ ಸ್ತ್ರೀಪಾತ್ರಗಳಿಂದಲೇ ರಂಗಕ್ಕೆ ಬಂದವರೆಂಬುದು ನೆನಪಾಗುತ್ತದೆ. ಮೊದಲ ಎರಡು ವರ್ಷ ಇಡೀ ಅಮೆರಿಕದಲ್ಲಿ ಹೆಚ್ಚು ಜನ ನೋಡಿದ ಕಾರ್ಯಕ್ರಮಗಳಲ್ಲಿ ಅವರದು ಎರಡನೆಯದು. 1972ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಅವರನ್ನು ಮುಖಪುಟದಲ್ಲಿ ಹಾಕಿತು. 1974ರವರೆಗೆ ಕಾರ್ಯಕ್ರಮ ನಡೆಯಿತು.

ಕೋಲ್ ಅವರ ಕಾರ್ಯಕ್ರಮ ನಿಂತು ವಿಲ್ಸನ್ ಅವರದು ಶುರುವಾಗುವ ನಡುವಿನ ಹದಿಮೂರು ವರ್ಷದಲ್ಲಿ ಏನು ಬದಲಾಯಿತು? ಬಿಳಿಯರ ಮನಸ್ಸು ತಾನಾಗಿ ಕರಗಿತೆಂದು ನಾನು ಹೇಳುವುದಿಲ್ಲ. ಜನ ಬೀದಿಗಿಳಿದರು, ಜೈಲಿಗೆ ಹೋದರು, ಸತ್ತರು. ಅದರಿಂದ 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಹಕ್ಕಿನ ಕಾಯ್ದೆ ಬಂದವು. ಇನ್ನೊಂದು ಕಾರಣ ವ್ಯಾಪಾರದ್ದು. ಒಂದೇ ಕಂಪನಿ ಇಡೀ ಕಾರ್ಯಕ್ರಮ ಕೊಳ್ಳುವ ಪದ್ಧತಿ ಹೋಗಿ, ಹಲವು ಕಂಪನಿಗಳು ಒಂದೊಂದು ನಿಮಿಷ ಕೊಳ್ಳುವ ಪದ್ಧತಿ ಬಂತು. ಯಾವುದೇ ಕಂಪನಿ ತಾನೊಂದೇ ಮುಂದೆ ನಿಂತು ಧೈರ್ಯ ತೋರಬೇಕಾಗಿರಲಿಲ್ಲ. ಹೋರಾಟಕ್ಕೆ ಕೊಡುವಷ್ಟೇ ಗಮನವನ್ನು ಇಂಥ ಲೆಕ್ಕಪತ್ರದ ಬದಲಾವಣೆಗೂ ನಾವು ಕೊಡಬೇಕು. ಅನ್ಯಾಯ ಬಹಳ ಸಲ ಅಡಗಿ ಕೂರುವುದು ಅಲ್ಲೇ.

ಕೋಲ್ ಈ ಬದಲಾವಣೆಯನ್ನು ಕಾಣಲು ಉಳಿಯಲಿಲ್ಲ. ವಿಪರೀತ ಸಿಗರೇಟು ಸೇದುತ್ತಿದ್ದ ಅವರು 1965ರ ಫೆಬ್ರವರಿ 15ರಂದು, 45ನೆಯ ವಯಸ್ಸಿಗೆ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ತಂಬಾಕಿನ ಘಾಟಿನಲ್ಲೇ ದುಡಿದು, ಕೆಮ್ಮಿ ಕೆಮ್ಮಿ ಬದುಕುವ ಹೆಣ್ಣುಮಕ್ಕಳ ಈ ಊರಿನಲ್ಲಿ ಆ ಮಾತನ್ನು ಹೇಳದೆ ಮುಂದೆ ಹೋಗಲಾರೆ.

ಈಗ ನಮ್ಮ ನಡುವಿನ ಆಫ್ರಿಕನ್ ಮೂಲದ ಜನರ ಮಾತು. ಸಿದ್ದಿಗಳು ಉತ್ತರ ಕನ್ನಡದಲ್ಲಿದ್ದಾರೆ, ನಮ್ಮ ಜಿಲ್ಲೆಯ ಖಾನಾಪುರದಲ್ಲೂ ಇದ್ದಾರೆ. 2020ರ ಕಾಯ್ದೆ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದರು. ಪ್ರಶಾಂತ್ ಸಿದ್ದಿಯವರನ್ನು ಸಿನಿಮಾಗಳಲ್ಲಿ ನೀವು ನೋಡಿದ್ದೀರಿ. ‘ಸಲಗ’ ಸಿನಿಮಾದ ಹಾಡಿಗೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರು ಕೊಟ್ಟ ದನಿಗೆ ನಿಮ್ಮ ಮಕ್ಕಳು ಕುಣಿದಿದ್ದಾರೆ. ಉತ್ಸವಗಳಿಗೆ ಸಿದ್ದಿ ತಂಡಗಳನ್ನು ಕರೆಯುತ್ತೇವೆ, ಡಮಾಮಿ ಬಾರಿಸಿ ಕುಣಿಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಅವರು ಕುಣಿಯುವ ಮೊದಲು ಬೇರೊಬ್ಬರು ಮೈಕು ಹಿಡಿದು ಅವರ ಪರಿಚಯ ಹೇಳುತ್ತಾರೆ. ಕುಣಿದಾದ ಮೇಲೆ ಅದೇ ಬೇರೊಬ್ಬರು ಧನ್ಯವಾದ ಹೇಳಿ ಕಳಿಸುತ್ತಾರೆ.

ಈ ಐದೂ ತಾಲೂಕುಗಳ ಜಾತ್ರೆಗಳಲ್ಲಿ ರಸಮಂಜರಿ ನಡೆಯುತ್ತದೆ. ಹಾಡು, ಹಾಸ್ಯ, ಕುಣಿತ ಎಲ್ಲ ಇರುವ ನಮ್ಮದೇ ವೆರೈಟಿ ಶೋ ಅದು. ಅದರ ನಿರೂಪಣೆಗೆ ಯಾರನ್ನು ಕರೆಯಬೇಕೆಂದು ಜಾತ್ರಾ ಕಮಿಟಿಗಳು ಗೊತ್ತುಮಾಡುತ್ತವೆ. ಆ ಕಮಿಟಿಗಳ ಸದಸ್ಯರು ಕೆಲವರಾದರೂ ಈ ಸಭೆಯಲ್ಲಿದ್ದೀರಿ, ಹಾಗೆಯೇ ಊರಿನ ಕೇಬಲ್ ಚಾನೆಲ್ ನಡೆಸುವವರೂ ಇದ್ದೀರಿ. ನನ್ನ ಬಿನ್ನಹ ಇಷ್ಟು. ಮುಂದಿನ ಜಾತ್ರೆಗೆ ಒಬ್ಬ ಸಿದ್ದಿ ಹುಡುಗಿಯನ್ನೋ ನಮ್ಮದೇ ಊರಿನ ದಲಿತ ಓಣಿಯ ಹುಡುಗನನ್ನೋ ಕರೆಯಿರಿ. ಒಂದು ಹಾಡಿಗಲ್ಲ, ರಾತ್ರಿಯ ಇಡೀ ಆಟಕ್ಕೆ. ಮೈಕು ಅವರ ಕೈಯಲ್ಲಿರಲಿ, ಗಾಯಕರನ್ನು ಹೆಸರು ಹಿಡಿದು ಅವರು ಕರೆಯಲಿ, ಶಾಸಕರನ್ನೂ ಸ್ವಾಮಿಗಳನ್ನೂ ಗೌಡರನ್ನೂ ವೇದಿಕೆಗೆ ಅವರೇ ಬರಮಾಡಿಕೊಳ್ಳಲಿ. ಆಮಂತ್ರಣ ಪತ್ರಿಕೆಯಲ್ಲಿ ನಿರೂಪಕರ ಹೆಸರನ್ನು ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿ. ಸಂಭಾವನೆಯನ್ನು ಮೊದಲೇ ಮಾತಾಡಿ ಗೊತ್ತುಮಾಡಿ, ಬೇರೆ ನಿರೂಪಕರಿಗೆ ಕೊಡುವಷ್ಟನ್ನೇ ಕೊಡಿ. ಮಂಟಪದ ಖರ್ಚು ವಹಿಸುವ ಅಂಗಡಿಕಾರರು ಯಾರಾದರೂ ಹಿಂಜರಿದರೆ, ಅವರಿಗೆ ಗಂಗಾರಾಮ ಕಾಂಬಳೆಯವರ ಚಹಾದ ಕಥೆ ಹೇಳಿ. ಅದಕ್ಕೂ ಬಗ್ಗದಿದ್ದರೆ ಹತ್ತು ಜನ ಸಣ್ಣ ಅಂಗಡಿಕಾರರಿಂದ ಅಷ್ಟಿಷ್ಟು ಪಟ್ಟಿ ಕೂಡಿಸಿರಿ. ನನ್ನ ಪಾಲಿನದನ್ನು ಕೊಡಲು ನಾನು ಸಿದ್ಧನಿದ್ದೇನೆ.